ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಯಾವ ದಾರಿ ಒಳ್ಳೆಯದು?

ಹಲ್ಲು ಕಡಿಯುವವರಿಗೆ ತಾವು ಕಡಿಯುವುದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ. ನನಗೆ ಹೇಳಿದ್ದು ಅಕ್ಕ. ಒಂದು ರಾತ್ರಿ ಭುಜ ಅಲುಗಾಡಿಸಿ ಎಬ್ಬಿಸಿದಳು. "ಕಲ್ಲಿನ ಮೇಲೆ ಕಲ್ಲು ಉಜ್ಜಿದ ಹಾಗೆ ಸದ್ದು ಮಾಡ್ತಿದ್ದೀಯಲ್ಲೇ, ದವಡೆ ನೋಯಲ್ವಾ ನಿಂಗೆ?" ಎಂದು ಕೇಳಿದಳು. ನೋಯುತ್ತಿತ್ತು. ಆದರೆ ಬೆಳಗಿನ ಆ ಬಿಗಿತಕ್ಕೂ ಹಲ್ಲಿಗೂ ಸಂಬಂಧ ಇದೆ ಅಂತ ಹೊಳೆದೇ ಇರಲಿಲ್ಲ. ದಿಂಬು ಸರಿಯಿಲ್ಲ ಅಂದುಕೊಂಡು ಎರಡು ಸಲ ದಿಂಬು ಬದಲಾಯಿಸಿದ್ದೆ. ಮುಂದಿನ ವರ್ಷ ಕೆಳಗಿನ ದವಡೆ ಹಲ್ಲಿನ ಮೂಲೆ ಮುರಿಯಿತು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಬಿಳಿ ಚೂರೊಂದು ನೀರಿನ ಜೊತೆ ಬಿತ್ತು. ಅಕ್ಕಿ ಕಾಳಿನ ಅರ್ಧದಷ್ಟು. ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ ಎಂಬ ಮಾತು ಅವತ್ತು ಸರಿಯಾಗಿ ತಲೆಗೆ ಹೋಯಿತು.

ಅಲ್ಲಿಂದ ಈಚೆಗೆ ಮೂರು ಬಗೆಯ ಗಾರ್ಡ್, ಅಂದರೆ ಮಲಗುವಾಗ ಹಲ್ಲಿನ ಮೇಲೆ ಕೂರಿಸುವ ಕವಚ, ಹಾಕಿಕೊಂಡು ಮಲಗಿದ್ದೇನೆ. ಹಲ್ಲಿನ ವೈದ್ಯರನ್ನು ಬಿಡದೆ ಕೇಳಿದ್ದೇನೆ, ಓದಿದ್ದೇನೆ. ಇದೇ ತೊಂದರೆ ಇರುವವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಮೆತ್ತಗಿನ ಗಾರ್ಡ್ ತಗೊಳ್ಳಲಾ, ಗಟ್ಟಿಯದಾ, ಇಂಜೆಕ್ಷನ್ ಅಂತಾರಲ್ಲ ಅದಾ? ನಾನು ತಿರುಗಿ ಕೇಳುತ್ತೇನೆ: ಯಾವುದನ್ನು ಉಳಿಸಿಕೊಳ್ಳಬೇಕು ನಿಮಗೆ? ಹಲ್ಲನ್ನಾ, ನೋವಿಲ್ಲದ ಬೆಳಗನ್ನಾ, ಪಕ್ಕದವರ ನಿದ್ದೆಯನ್ನಾ? ಮೂರಕ್ಕೂ ದಾರಿ ಬೇರೆ ಬೇರೆ.

ನಿದ್ದೆಯಲ್ಲಿ ಆಗುವುದೇನು

ಇದನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಆಯ್ಕೆ ನಿಲ್ಲುವುದು ಇದರ ಮೇಲೆಯೇ. ರಾತ್ರಿಯಿಡೀ ಹಲ್ಲು ಉಜ್ಜುತ್ತಲೇ ಇರುವುದಿಲ್ಲ. ನಿದ್ದೆ ಹಗುರವಾದಾಗ, ಮಿದುಳು ಕೆಲವು ಕ್ಷಣ ಅರೆ ಎಚ್ಚರಕ್ಕೆ ಬಂದಾಗ, ಎದೆಬಡಿತ ಏರುತ್ತದೆ. ಅದರ ಬೆನ್ನಿಗೇ ದವಡೆಯ ಸ್ನಾಯು ಬಿಗಿಯುತ್ತದೆ. ಹಲ್ಲು ಹಲ್ಲಿಗೆ ತಾಗುವುದು ಕೊನೆಗೆ. ಅಂದರೆ ಶುರುವಾಗುವುದು ಮಿದುಳಿನಲ್ಲಿ, ಹಲ್ಲಿನಲ್ಲಿ ಅಲ್ಲ. ಹಲ್ಲಿನ ಸಾಲು ಸರಿಯಿಲ್ಲದ್ದರಿಂದ ಹೀಗಾಗುತ್ತದೆ ಎಂದು ಹಿಂದೆ ನಂಬಿದ್ದರು. ಈಗ ಆ ನಂಬಿಕೆಗೆ ಆಧಾರ ಉಳಿದಿಲ್ಲ.

ಹಾಗಾಗಿ ಬಾಯಿಯೊಳಗೆ ಇಡುವ ಯಾವ ವಸ್ತುವೂ ಹಲ್ಲು ಕಡಿಯುವುದನ್ನು ಬೇರುಸಮೇತ ಕೀಳುವುದಿಲ್ಲ. ಏಟು ಬೀಳುವ ಜಾಗದಲ್ಲಿ ಒಂದು ತಡೆ ಇಡುತ್ತದೆ, ಅಷ್ಟೇ. "ಗಾರ್ಡ್ ಹಾಕಿದ ಮೇಲೂ ಕಡೀತಿದ್ದೀನಿ, ದುಡ್ಡು ದಂಡ" ಅಂತ ಬೇಸರ ಮಾಡಿಕೊಳ್ಳುವವರು ಬಹಳ. ದಂಡ ಆಗಿಲ್ಲ. ಹಲ್ಲು ಸವೆಯುವ ಬದಲು ಗಾರ್ಡ್ ಸವೆಯುತ್ತಿದೆ.

ದೊಡ್ಡವರಲ್ಲಿ ಸುಮಾರು ನೂರಕ್ಕೆ 8 ಜನ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ವಯಸ್ಸಾದ ಹಾಗೆ ಕಮ್ಮಿಯಾಗುತ್ತದೆ. ಇದರ ಮೇಲೆ ಕೆಲಸ ಮಾಡುವ ಹಲವು ದೇಶಗಳ ತಜ್ಞರು 2018ರಲ್ಲಿ ಒಂದು ಒಪ್ಪಿತ ನಿಲುವು ಪ್ರಕಟಿಸಿದರು. ಬೇರೆ ತೊಂದರೆ ಇಲ್ಲದ ಆರೋಗ್ಯವಂತರಲ್ಲಿ ಇದನ್ನು ರೋಗ ಎನ್ನಬೇಕಿಲ್ಲ, ಅಪಾಯ ತರಬಹುದಾದ ಒಂದು ನಡವಳಿಕೆ ಎಂದು ನೋಡಬೇಕು ಎಂಬುದು ಅದರ ತಿರುಳು. ಹಲ್ಲು ಕಡಿಯುವ ಎಲ್ಲರಿಗೂ ಚಿಕಿತ್ಸೆ ಬೇಕಾಗಿಲ್ಲ. ಈ ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಸದ್ದು ಕೇಳಿದ ತಕ್ಷಣ ಹೆದರಿ ಜಾಸ್ತಿ ಖರ್ಚಿನ ದಾರಿ ಹಿಡಿಯುವವರನ್ನು ನೋಡಿದ್ದೇನೆ.

ಯಾವ ಅಳತೆಯಲ್ಲಿ ತೂಗಬೇಕು

ಐದು ವಿಷಯ ಇಟ್ಟುಕೊಂಡು ನಾನು ತೂಗುತ್ತೇನೆ.

ಮೊದಲನೆಯದು, ನಿಮ್ಮ ಮುಖ್ಯ ತೊಂದರೆ ಯಾವುದು. ಹಲ್ಲು ಸವೆದು ಚಪ್ಪಟೆಯಾಗುವುದು, ಬಿರುಕು, ತುಂಬಿಸಿದ ಸಿಮೆಂಟ್ ಪದೇ ಪದೇ ಬಿದ್ದುಹೋಗುವುದು, ತಣ್ಣೀರು ತಾಗಿದರೆ ಜುಂ ಅನ್ನುವುದು: ಇವು ಒಂದು ಗುಂಪು. ಬೆಳಿಗ್ಗೆ ದವಡೆ ಬಿಗಿ, ಹಣೆಯ ಎರಡೂ ಪಕ್ಕ ನೋವು, ಕಿವಿಯ ಮುಂದೆ ನೋವು: ಇದು ಇನ್ನೊಂದು. ಬರೀ ಸದ್ದು ಮೂರನೆಯದು. ಸದ್ದು ಜೋರಾಗಿದ್ದರೆ ಹಾನಿಯೂ ಜೋರು ಎಂದು ತಿಳಿಯಬೇಡಿ. ಕೆಲವರು ಉಜ್ಜದೆ ಬರೀ ಒತ್ತಿ ಹಿಡಿಯುತ್ತಾರೆ. ಸದ್ದೇ ಇರುವುದಿಲ್ಲ, ದವಡೆ ಮಾತ್ರ ಕಲ್ಲಿನಂತಾಗಿರುತ್ತದೆ.

ಎರಡನೆಯದು, ಹಿಂದೆ ಬೇರೆ ಏನಾದರೂ ಕಾರಣ ಅಡಗಿದೆಯೇ. ಇದನ್ನು ಬಿಟ್ಟು ಗಾರ್ಡ್ ಕೊಳ್ಳುವುದು ಸೋರುವ ಮಾಡು ರಿಪೇರಿ ಮಾಡದೆ ಕೆಳಗೆ ಪಾತ್ರೆ ಇಟ್ಟ ಹಾಗೆ.

ಮೂರನೆಯದು, ಸರಿಹೋಗದಿದ್ದರೆ ಹಿಂದಿರುಗಲು ಆಗುತ್ತದೆಯೇ. ಗಾರ್ಡ್ ತೆಗೆದಿಡಬಹುದು. ಅರೆದು ಸಣ್ಣ ಮಾಡಿದ ಹಲ್ಲನ್ನು ಮೊದಲಿನಂತೆ ಮಾಡಲಾಗದು.

ನಾಲ್ಕನೆಯದು, ಇದನ್ನು ಪ್ರತಿ ರಾತ್ರಿ ಮಾಡುತ್ತೀರಾ. ಎಷ್ಟೇ ಒಳ್ಳೆಯ ಗಾರ್ಡ್ ಆದರೂ ಡಬ್ಬಿಯಲ್ಲೇ ಇದ್ದರೆ ಏನು ಬಂತು?

ಐದನೆಯದು ಖರ್ಚು. ಇವತ್ತಿನ ಬೆಲೆಯನ್ನಷ್ಟೇ ನೋಡಬೇಡಿ, ಐದು ವರ್ಷಕ್ಕೆ ಲೆಕ್ಕ ಹಾಕಿ. ಮುರಿದ ಹಲ್ಲಿಗೆ ಬೇರು ಚಿಕಿತ್ಸೆ, ಕ್ಯಾಪ್ ಅಂತ ಹೋದರೆ ಆಗುವ ಖರ್ಚನ್ನೂ ಅದರ ಪಕ್ಕದಲ್ಲಿ ಬರೆದುಕೊಳ್ಳಿ.

ಏನೂ ಮಾಡದೆ ಕಾಯುವುದು

ಇದೂ ಒಂದು ಆಯ್ಕೆ. ನೋವಿಲ್ಲ, ಹೊಸ ಸವೆತ ಇಲ್ಲ ಎಂದಾದರೆ ಇದೇ ಸರಿಯಾದ ಆಯ್ಕೆಯೂ ಹೌದು. ಚಪ್ಪಟೆಯಾದ ಹಲ್ಲು ಕಂಡ ಮಾತ್ರಕ್ಕೆ ನೀವು ಈಗಲೂ ಕಡಿಯುತ್ತಿದ್ದೀರಿ ಎಂದಲ್ಲ. ಅದು ಹತ್ತು ವರ್ಷ ಹಿಂದಿನ ಗುರುತಿರಬಹುದು. ಅಥವಾ ಹೊಟ್ಟೆಯ ಆಮ್ಲ ಬಾಯಿಗೆ ಬಂದು ಕರಗಿಸಿದ್ದಿರಬಹುದು. ತಿಳಿಯುವುದು ಸುಲಭ: ಹಲ್ಲಿನ ಫೋಟೊ, ಸ್ಕ್ಯಾನ್ ಅಥವಾ ಅಚ್ಚು ತೆಗೆಸಿ ಇಟ್ಟುಕೊಳ್ಳಿ. ಆರು ತಿಂಗಳಿಂದ ವರ್ಷದೊಳಗೆ ಮತ್ತೆ ತೆಗೆಸಿ ಹೋಲಿಸಿ. ವ್ಯತ್ಯಾಸ ಇಲ್ಲದಿದ್ದರೆ ನಿಮ್ಮ ದುಡ್ಡು ಉಳಿಯಿತು. ವ್ಯತ್ಯಾಸ ಕಂಡರೆ ಗಾರ್ಡ್ ಯಾಕೆ ಬೇಕು ಎಂಬುದಕ್ಕೆ ನಿಮ್ಮ ಕೈಯಲ್ಲೇ ಸಾಕ್ಷಿ ಇರುತ್ತದೆ.

ಕಾರಣ ಹುಡುಕುವುದು

ಗೊರಕೆ ಹೊಡೆಯುತ್ತೀರಾ? ನಿದ್ದೆಯಲ್ಲಿ ಉಸಿರು ನಿಂತು ಮತ್ತೆ ಗಕ್ಕನೆ ಎಳೆದುಕೊಳ್ಳುವುದನ್ನು ಯಾರಾದರೂ ನೋಡಿದ್ದಾರಾ? ಎದ್ದಾಗ ಬಾಯಿ ಒಣಗಿರುತ್ತದಾ, ಎಂಟು ಗಂಟೆ ಮಲಗಿದರೂ ಹಗಲಲ್ಲಿ ತೂಕಡಿಕೆ ಬರುತ್ತದಾ, ಬಿಪಿ ಇದೆಯಾ? ಇವುಗಳಲ್ಲಿ ಎರಡು ಮೂರಕ್ಕೆ ಹೌದು ಎಂದಾದರೆ, ದಯವಿಟ್ಟು ಗಾರ್ಡ್ ಬದಿಗಿಟ್ಟು ಮೊದಲು ನಿದ್ದೆಯ ಪರೀಕ್ಷೆ ಮಾಡಿಸಿ. ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ, ಹಲ್ಲು ಕಡಿಯುವವರಲ್ಲಿ ಹಲವರಿಗೆ ಜೊತೆಯಲ್ಲೇ ಇರುತ್ತದೆ. ಅದಕ್ಕೆ ಚಿಕಿತ್ಸೆ ಆದಾಗ ಕಡಿಯುವುದೂ ಕೆಲವರಲ್ಲಿ ಇಳಿಯುತ್ತದೆ.

ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವೂ ಇದೆ. ಸಾಮಾನ್ಯ ಗಾರ್ಡ್ ಇಂಥವರ ಉಸಿರಾಟವನ್ನು ಇನ್ನಷ್ಟು ಕೆಡಿಸಬಹುದು. ಆಪ್ನಿಯಾ ಇದ್ದ 10 ಜನರಿಗೆ ಮೇಲಿನ ಹಲ್ಲಿಗೆ ಗಾರ್ಡ್ ಹಾಕಿಸಿ ನೋಡಿದ ಒಂದು ಸಣ್ಣ ಅಧ್ಯಯನದಲ್ಲಿ, ಅರ್ಧದಷ್ಟು ಜನರಿಗೆ ಉಸಿರುಕಟ್ಟುವುದು ಜಾಸ್ತಿಯಾಯಿತು. ಹತ್ತೇ ಜನ, ನಿಜ. ಆದರೂ ಗೊರಕೆಯ ಬಗ್ಗೆ ಒಂದು ಮಾತೂ ಕೇಳದೆ ಗಾರ್ಡ್‌ಗೆ ಅಳತೆ ತೆಗೆಯುವ ಕಡೆ ನಾನಾದರೆ ಕೂರುವುದಿಲ್ಲ. ನನಗೆ ಮೊದಲ ಗಾರ್ಡ್ ಮಾಡಿಕೊಟ್ಟ ಕ್ಲಿನಿಕ್‌ನಲ್ಲಿ ಯಾರೂ ಕೇಳಿರಲಿಲ್ಲ. ನನಗೆ ಆಪ್ನಿಯಾ ಇರಲಿಲ್ಲ, ಅದು ನನ್ನ ಅದೃಷ್ಟ.

ಆಪ್ನಿಯಾ ಇದೆ ಎಂದಾದರೆ ಆಯ್ಕೆಯ ಪಟ್ಟಿಯೇ ಬದಲಾಗುತ್ತದೆ. ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಅಥವಾ ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿದಿಡುವ ಸಾಧನ ಮುಂದೆ ಬರುತ್ತವೆ. ಈ ಎರಡನೆಯದು ಗಂಟಲ ದಾರಿ ತೆರೆದಿಡುತ್ತದೆ, ಹಲ್ಲಿಗೂ ತಡೆಯಾಗುತ್ತದೆ, ಕಡಿಯುವುದನ್ನೂ ಕಮ್ಮಿ ಮಾಡುತ್ತದೆ. ಗಾರ್ಡ್‌ಗಿಂತ ಬೆಲೆ ಜಾಸ್ತಿ, ಶುರುವಿನಲ್ಲಿ ದವಡೆ ನೋಯುತ್ತದೆ, ವರ್ಷಗಟ್ಟಲೆ ಹಾಕಿದರೆ ಹಲ್ಲಿನ ಸಾಲು ಸ್ವಲ್ಪ ಜರುಗಬಹುದು. ಗೊರಕೆ ಇಲ್ಲದವರಿಗೆ ಇದರ ಅಗತ್ಯ ಇಲ್ಲ.

ಎರಡನೇ ಕಾರಣ ಔಷಧ. ಖಿನ್ನತೆ, ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳು, ಉದಾಹರಣೆಗೆ ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್, ಶುರು ಮಾಡಿದ ಕೆಲವೇ ವಾರಗಳಲ್ಲಿ ಹಲ್ಲು ಕಡಿಯುವುದನ್ನು ಹುಟ್ಟುಹಾಕಬಹುದು. ನೋವು ಯಾವಾಗ ಶುರುವಾಯಿತು, ಮಾತ್ರೆ ಯಾವಾಗ ಶುರುವಾಯಿತು, ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಹೊಂದಿಕೆಯಾದರೆ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ಪ್ರಮಾಣ ಬದಲಿಸುವುದು, ಇನ್ನೊಂದು ಮಾತ್ರೆಗೆ ಹೋಗುವುದು, ಇದನ್ನೆಲ್ಲ ಅವರು ನೋಡುತ್ತಾರೆ. ನೀವಾಗಿ ನಿಲ್ಲಿಸಬೇಡಿ. ಹಲ್ಲಿಗಿಂತ ಮನಸ್ಸಿನ ಆರೋಗ್ಯ ದೊಡ್ಡದು.

ಎದೆಯುರಿ, ಹುಳಿತೇಗು ಇದ್ದವರು ಅದನ್ನೂ ಬಿಡಬಾರದು. ಆಮ್ಲ ತಾಗಿ ಮೆತ್ತಗಾದ ಎನಾಮಲ್ ಉಜ್ಜಿದಾಗ ಬೇಗ ಸವೆಯುತ್ತದೆ. ಇನ್ನು ಸಿಗರೇಟು, ಮದ್ಯ, ಅತಿಯಾದ ಕಾಫಿ. ಸೇದುವವರಲ್ಲಿ, ಕುಡಿಯುವವರಲ್ಲಿ ಹಲ್ಲು ಕಡಿಯುವುದು ಹೆಚ್ಚುಕಮ್ಮಿ ಎರಡು ಪಟ್ಟು ಕಾಣುತ್ತದೆ. ಕಾಫಿಯ ನಂಟು ಕಂಡಿರುವುದು ದಿನಕ್ಕೆ 8 ಕಪ್‌ಗಿಂತ ಜಾಸ್ತಿ ಕುಡಿಯುವವರಲ್ಲಿ. ಬೆಳಗಿನ ಒಂದು ಕಪ್ ಬಿಟ್ಟು ಸುಮ್ನೆ ಸಂಕಟಪಡಬೇಕಿಲ್ಲ. ಸಂಜೆಯ ಮೇಲೆ ಬೇಡ, ಅಷ್ಟು ಸಾಕು. ಖರ್ಚಿಲ್ಲದ ಬದಲಾವಣೆಗಳಿವು. ಯಾವ ಗಾರ್ಡ್ ತಗೊಂಡರೂ ಜೊತೆಗೆ ಇರಲಿ.

ಗಾರ್ಡ್‌ಗಳು

ಹೆಚ್ಚಿನವರು ಬಂದು ನಿಲ್ಲುವುದು ಇಲ್ಲೇ. ತಪ್ಪು ಆಯ್ಕೆಯಾಗುವುದೂ ಇಲ್ಲೇ ಜಾಸ್ತಿ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಗ್ಗದ್ದು ಅಂಗಡಿಯಲ್ಲಿ ಸಿಗುವ, ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಆಕಾರ ಕೊಡುವ ಗಾರ್ಡ್. ನನ್ನ ಮೊದಲ ಪ್ರಯೋಗ ಅದೇ. ದಪ್ಪ, ಬಾಯಿ ತುಂಬ. ಮೊದಲ ವಾರ ದಿಂಬೆಲ್ಲ ಜೊಲ್ಲು. ಎರಡು ದಿನ ಬೆಳಿಗ್ಗೆ ಅದು ಹಾಸಿಗೆಯ ಕಾಲ ಬಳಿ ಸಿಕ್ಕಿತು. ನಿದ್ದೆಯಲ್ಲೇ ತೆಗೆದು ಎಸೆದಿದ್ದೆ. ಮೂರನೇ ತಿಂಗಳಿಗೆ ಎಡಗಡೆ ದವಡೆ ಹಲ್ಲು ಕೂರುವ ಜಾಗದಲ್ಲಿ ತೂತು ಬಿತ್ತು. ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತು. ಆದರೂ ಇದನ್ನು ಪೂರ್ತಿ ತೆಗೆದುಹಾಕಲಾರೆ. ಬಾಯಲ್ಲಿ ಏನಾದರೂ ಇಟ್ಟುಕೊಂಡು ಮಲಗಲು ನಿಮ್ಮಿಂದ ಆಗುತ್ತದೋ ಇಲ್ಲವೋ ನೋಡಲು, ಸರಿಯಾದ ಗಾರ್ಡ್ ಕೈಗೆ ಬರುವವರೆಗೆ ಹಲ್ಲು ಕಾಯಲು, ಕೆಲವು ವಾರದ ಮಟ್ಟಿಗೆ ಇದು ಸಾಕು. ವರ್ಷಗಟ್ಟಲೆ ಇದರಲ್ಲೇ ದಿನ ದೂಡುವುದು ಬೇಡ. ಸರಿಯಾಗಿ ಕೂರದ ಗಾರ್ಡ್ ಹಲ್ಲನ್ನು ಜರುಗಿಸಬಹುದು, ದವಡೆ ನೋವನ್ನು ಏರಿಸಬಹುದು.

ಎರಡನೆಯದು ಕ್ಲಿನಿಕ್‌ನಲ್ಲಿ ಅಳತೆ ಕೊಟ್ಟು ಮಾಡಿಸುವ ಮೆತ್ತಗಿನ ಗಾರ್ಡ್. ಹಾಕಿಕೊಳ್ಳಲು ಹಿತ, ಬೆಲೆ ನಡುವಿನದು, ಬೇಗ ಅಭ್ಯಾಸವಾಗುತ್ತದೆ, ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ. ತೊಡಕು ಒಂದಿದೆ. ರಬ್ಬರಿನಂಥ ವಸ್ತು ಸಿಕ್ಕರೆ ಕೆಲವರ ದವಡೆ ಅದನ್ನು ಅಗಿಯಲು ಶುರು ಮಾಡುತ್ತದೆ. 1987ರಷ್ಟು ಹಿಂದೆಯೇ 10 ಜನರ ಮೇಲೆ ಗಟ್ಟಿ ಮತ್ತು ಮೆತ್ತಗಿನ ಗಾರ್ಡ್ ಎರಡನ್ನೂ ಪರೀಕ್ಷಿಸಿದ್ದರು. ಗಟ್ಟಿಯದು 8 ಜನರಲ್ಲಿ ಸ್ನಾಯುವಿನ ಚಟುವಟಿಕೆ ಇಳಿಸಿತು. ಮೆತ್ತಗಿನದು 5 ಜನರಲ್ಲಿ ಏರಿಸಿತು. ಇದೂ ಸಣ್ಣ ಅಧ್ಯಯನವೇ, ಹಾಗಾಗಿ ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾರೆ. ನನಗಂತೂ ಹಾಗೇ ಆಯಿತು. ಹಲ್ಲು ಉಳಿಯಿತು, ಬೆಳಗಿನ ನೋವು ಜಾಸ್ತಿಯಾಯಿತು. ಒಂದೂವರೆ ವರ್ಷದಲ್ಲಿ ಅದೂ ಹರಿಯಿತು. ಸವೆತ ಕಮ್ಮಿ, ನೋವು ಇಲ್ಲ, ಪಕ್ಕದವರ ನಿದ್ದೆ ಕೆಡುತ್ತಿದೆ ಅನ್ನುವವರಿಗೆ ಮೆತ್ತಗಿನದು ಸರಿ. ಬಿಗಿಯಾಗಿ ಒತ್ತಿ ಹಿಡಿಯುವವರಿಗೆ ಬೇಡ.

ಮೂರನೆಯದು ಗಟ್ಟಿ ಅಕ್ರಿಲಿಕ್ ಗಾರ್ಡ್. ಕೆಲವರು ಸ್ಪ್ಲಿಂಟ್ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರ್ ದಪ್ಪ. ಇದರ ಬೆಲೆ ಗಾರ್ಡ್‌ಗಳಲ್ಲಿ ಹೆಚ್ಚು. ನಾನು ಕೊನೆಗೆ ಬಂದು ನಿಂತದ್ದು ಇದರಲ್ಲಿ. ಆದರೆ ಇದರ ಬೆಲೆಯ ಅರ್ಧ ಇರುವುದು ವಸ್ತುವಿನಲ್ಲಿ ಅಲ್ಲ, ಅದನ್ನು ಕೂರಿಸುವ ಕೈಯಲ್ಲಿ. ವೈದ್ಯೆ ಗಾರ್ಡ್ ಹಾಕಿಸಿ, ನಡುವೆ ನೀಲಿ ಕಾಗದ ಇಟ್ಟು, "ಕಚ್ಚಿ, ಈಗ ಎಡಕ್ಕೆ ಸರಿಸಿ, ಬಲಕ್ಕೆ ಸರಿಸಿ" ಎಂದರು. ತೆಗೆದು ನೋಡಿದರೆ ಬಲಗಡೆ ಒಂದೇ ಒಂದು ದೊಡ್ಡ ನೀಲಿ ಚುಕ್ಕೆ. ಆ ಜಾಗವನ್ನು ಸಣ್ಣಗೆ ಉಜ್ಜಿದರು. ಮತ್ತೆ ಕಾಗದ, ಮತ್ತೆ ಕಚ್ಚುವುದು. ಹೀಗೆ ಆರೇಳು ಸಲ. ಕೊನೆಗೆ ಎರಡೂ ಕಡೆ ಸಾಲಾಗಿ ಸಮನಾದ ಚುಕ್ಕೆಗಳು ಬಂದವು. ಎರಡು ವಾರ ಬಿಟ್ಟು ಮತ್ತೆ ಕರೆದು ಇನ್ನೊಮ್ಮೆ ಅದನ್ನೇ ಮಾಡಿದರು. ಇದನ್ನು ಮಾಡದೆ ಕೈಗೆ ಡಬ್ಬಿ ಕೊಟ್ಟು ಕಳಿಸಿದರೆ ಗಟ್ಟಿ ಗಾರ್ಡ್‌ಗೆ ಕೊಟ್ಟ ಹಣಕ್ಕೆ ನ್ಯಾಯ ಸಿಗುವುದಿಲ್ಲ. ಹಾಗಾಗಿ ಬೆಲೆ ಕೇಳುವಾಗ ಇದನ್ನೂ ಕೇಳಿ: ಕೂರಿಸಲು ಎಷ್ಟು ಸಲ ಬರಬೇಕು, ಅದೂ ಇದೇ ಬೆಲೆಯಲ್ಲಿ ಸೇರಿದೆಯಾ?

ಗಟ್ಟಿ ಗಾರ್ಡ್ ಚೆನ್ನಾಗಿ ನೋಡಿಕೊಂಡರೆ ಹಲವು ವರ್ಷ ಬರುತ್ತದೆ. ವರ್ಷದ ಲೆಕ್ಕದಲ್ಲಿ ಮೆತ್ತಗಿನದನ್ನು ಪದೇ ಪದೇ ಮಾಡಿಸುವುದಕ್ಕಿಂತ ಬಹಳ ಸಲ ಇದೇ ಅಗ್ಗ. ಕ್ಯಾಪ್, ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸಿಕೊಂಡವರು ಹಲ್ಲು ಕಡಿಯುತ್ತಿದ್ದರೆ ಇದನ್ನೇ ನೋಡುವುದು ಒಳ್ಳೆಯದು. ಸಹಜ ಹಲ್ಲಿನ ಬೇರಿನ ಸುತ್ತ ಏಟು ತಾಳುವ ತೆಳು ಪದರ ಇರುತ್ತದೆ, ಇಂಪ್ಲಾಂಟ್‌ಗೆ ಅದು ಇಲ್ಲ. ಹೊರಮೈ ಗಟ್ಟಿ, ಒಳಮೈ ಮೆತ್ತಗಿರುವ ಎರಡು ಪದರದ ಗಾರ್ಡ್ ಕೂಡ ಇದೆ. ಪೂರ್ತಿ ಗಟ್ಟಿಯದು ಸಹಿಸಲಾಗದವರಿಗೆ ಅದು ನಡುದಾರಿ. ಈಗ ಸ್ಕ್ಯಾನ್ ಮಾಡಿ ತ್ರೀಡಿ ಪ್ರಿಂಟ್ ಮಾಡುವವರೂ ಇದ್ದಾರೆ. ಬಾಯಿಗೆ ಅಚ್ಚಿನ ಪೇಸ್ಟ್ ಹಾಕಿದರೆ ವಾಕರಿಕೆ ಬರುವವರಿಗೆ ಸ್ಕ್ಯಾನ್ ದೊಡ್ಡ ಅನುಕೂಲ.

ಮೇಲಿನ ಹಲ್ಲಿಗೋ ಕೆಳಗಿನದಕ್ಕೋ? ಎರಡೂ ಆಗುತ್ತದೆ. ವಾಕರಿಕೆ ಇರುವವರಿಗೆ ಕೆಳಗಿನದು ಸುಲಭ. ಆದರೆ ಎಲ್ಲ ಹಲ್ಲನ್ನೂ ಮುಚ್ಚುವಂತಿರಲಿ. ಮುಂದಿನ ಕೆಲವೇ ಹಲ್ಲಿಗೆ ಹಾಕುವ ಪುಟ್ಟ ಸಾಧನವೂ ಸಿಗುತ್ತದೆ. ಹಿಂದಿನ ಹಲ್ಲು ತಾಗದ ಹಾಗೆ ಮಾಡಿ ಸ್ನಾಯುವಿನ ಬಲ ಇಳಿಸುವುದು ಅದರ ಉಪಾಯ, ಕೆಲವರ ನೋವಿಗೆ ಅದು ಕೆಲಸವನ್ನೂ ಮಾಡುತ್ತದೆ. ಆದರೆ ತಾಗಲು ಎದುರು ಹಲ್ಲು ಸಿಗದೆ ಹಿಂದಿನ ಹಲ್ಲು ನಿಧಾನಕ್ಕೆ ಮೇಲೇರಿ, ಮುಂದಿನ ಹಲ್ಲು ಒಂದಕ್ಕೊಂದು ಮುಟ್ಟದಂತಾಗುವ ಅಪಾಯ ಇದೆ. ಚಿಕ್ಕದಾದ್ದರಿಂದ ನಿದ್ದೆಯಲ್ಲಿ ಗಂಟಲಿಗೆ ಜಾರುವ ಭಯವೂ ಇದೆ. ವೈದ್ಯರ ಕಣ್ಣಳತೆಯಲ್ಲಿ, ಸ್ವಲ್ಪ ಕಾಲಕ್ಕೆ ಮಾತ್ರ ಸರಿ.

ಯಾವ ಗಾರ್ಡ್ ಹಾಕಿದರೂ ತೆಗೆದ ಮೇಲೆ ಸ್ವಲ್ಪ ಹೊತ್ತು ಹಲ್ಲು ಸರಿಯಾಗಿ ಕೂರುತ್ತಿಲ್ಲ ಅನ್ನಿಸುತ್ತದೆ. ಹಲ್ಲುಜ್ಜಿ, ತಿಂಡಿ ತಿನ್ನುವ ಹೊತ್ತಿಗೆ ಸರಿಹೋಗಬೇಕು. ಮಧ್ಯಾಹ್ನದವರೆಗೂ ಹಾಗೇ ಇದ್ದರೆ ಹಾಕುವುದು ನಿಲ್ಲಿಸಿ ತೋರಿಸಿ. ತೊಳೆಯಲು ತಣ್ಣೀರು, ಮೆತ್ತಗಿನ ಬ್ರಷ್, ಸ್ವಲ್ಪ ಸೋಪು ಸಾಕು. ಬಿಸಿನೀರು ಹಾಕಿದರೆ ಆಕಾರ ಕೆಡುತ್ತದೆ, ಟೂತ್‌ಪೇಸ್ಟ್ ಗೀರು ಬೀಳಿಸುತ್ತದೆ.

ಹಗಲಿನ ಅಭ್ಯಾಸ, ದವಡೆಯ ವ್ಯಾಯಾಮ

ಸರಿಯಾಗಿ ನೋಡಿದರೆ, ಊಟ ಮಾತು ಎಲ್ಲ ಸೇರಿಸಿ ದಿನಕ್ಕೆ ಸುಮಾರು 20 ನಿಮಿಷ ಮಾತ್ರ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬೇಕು. ಈ ಸಾಲು ಓದುವಾಗ ನಿಮ್ಮ ಹಲ್ಲು ತಾಗಿಕೊಂಡಿದೆಯಾ? ಹೌದಾದರೆ ಹಗಲಲ್ಲೂ ನೀವು ಕಚ್ಚಿ ಹಿಡಿಯುತ್ತಿದ್ದೀರಿ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲಿನ ಹಿಂದೆ ಹಗುರವಾಗಿ ನಿಲ್ಲಲಿ. ನಾನು ಕಂಪ್ಯೂಟರ್ ಪರದೆಯ ಮೂಲೆಗೆ ಒಂದು ಕೆಂಪು ಚುಕ್ಕೆ ಅಂಟಿಸಿದ್ದೆ. ಕಣ್ಣು ಅದರ ಮೇಲೆ ಬಿದ್ದಾಗಲೆಲ್ಲ ದವಡೆ ಸಡಿಲ ಬಿಡುತ್ತಿದ್ದೆ. ತಿಂಗಳೊಳಗೆ ಸಂಜೆಯ ತಲೆನೋವು ಇಳಿಯಿತು.

ಇದಕ್ಕೆ ಖರ್ಚಿಲ್ಲ, ಹಾನಿಯೂ ಇಲ್ಲ. ಆದರೆ ಪಳಗಲು ವಾರಗಳು ಬೇಕು. ಹಗಲಿನ ಅಭ್ಯಾಸ ರಾತ್ರಿಯ ಕಡಿತವನ್ನು ನಿಲ್ಲಿಸುತ್ತದೆ ಎಂದು ಭರವಸೆ ಕೊಡಲಾಗದು. ಆದರೆ ಹಗಲಿನ ದಣಿವಿಲ್ಲದೆ ಸ್ನಾಯು ರಾತ್ರಿಗೆ ಹೋಗುತ್ತದೆ, ನೋವು ಕಮ್ಮಿಯಾಗುತ್ತದೆ. ನೋವೇ ಮುಖ್ಯ ತೊಂದರೆ ಆದವರು ಇಲ್ಲಿಂದಲೇ ಶುರು ಮಾಡಿ. ಮಲಗುವ ಮುಂಚೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಕೆನ್ನೆಗೆ ಇಡಿ. ಆಮೇಲೆ ಹಲ್ಲು ಕಚ್ಚಿದಾಗ ಉಬ್ಬುವ ಸ್ನಾಯು ಇದೆಯಲ್ಲ, ಬಾಯಿ ಸಡಿಲ ಬಿಟ್ಟು ಆ ಜಾಗವನ್ನು ಬೆರಳ ತುದಿಯಿಂದ ಸುತ್ತುಸುತ್ತಾಗಿ ನೀವಿ. ಬಾಯಿ ತೆರೆಯಲೇ ಕಷ್ಟ ಎನ್ನುವಷ್ಟು ಬಿಗಿ ಇದ್ದರೆ ದವಡೆಯ ಕೆಲಸ ಬಲ್ಲ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ಸ್ನಾಯು ಬಿಗಿದಾಗ ಗುರುತಿಸಿ, ಎಚ್ಚರವಾಗದಷ್ಟು ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಸಡಿಲಿಸುವ ಸಾಧನಗಳೂ ಇವೆ. ಹಾಕಿಕೊಂಡಿರುವ ರಾತ್ರಿಗಳಲ್ಲಿ ಕಡಿಯುವುದು ಕಮ್ಮಿಯಾಗುತ್ತದೆ, ಬಿಟ್ಟರೆ ಮರಳುತ್ತದೆ. ಬೆಲೆ ಜಾಸ್ತಿ, ಎಲ್ಲ ಕಡೆ ಸಿಗುವುದಿಲ್ಲ. ಹಲ್ಲನ್ನು ಕಾಯುವುದೂ ಇಲ್ಲ. ಗಾರ್ಡ್ ತಗೊಳ್ಳದೆ ಇದನ್ನು ಮೊದಲು ಕೊಳ್ಳಬೇಡಿ.

ಇಂಜೆಕ್ಷನ್

ಬೊಟಾಕ್ಸ್ ಬಗ್ಗೆ ಕೇಳುವವರ ಸಂಖ್ಯೆ ಏರುತ್ತಿದೆ. ಕೆನ್ನೆಯ ಅಗಿಯುವ ಸ್ನಾಯುವಿಗೆ ಚುಚ್ಚುತ್ತಾರೆ. ಒಂದೆರಡು ವಾರದಲ್ಲಿ ಸ್ನಾಯುವಿನ ಬಲ ಇಳಿಯುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಪರಿಣಾಮ ಕರಗುತ್ತದೆ, ಮತ್ತೆ ಚುಚ್ಚಿಸಬೇಕು. ಎಷ್ಟು ಸಲ ಕಡಿಯುತ್ತೀರಿ ಎಂಬುದು ಹೆಚ್ಚು ಬದಲಾಗುವುದಿಲ್ಲ, ಎಷ್ಟು ಬಲವಾಗಿ ಕಡಿಯುತ್ತೀರಿ ಎಂಬುದು ಬದಲಾಗುತ್ತದೆ. ಗಾರ್ಡ್, ವ್ಯಾಯಾಮ ಎಲ್ಲ ಮಾಡಿಯೂ ಬೆಳಿಗ್ಗೆ ಬಾಯಿ ತೆರೆಯಲಾಗದಷ್ಟು ನೋವು ಇರುವವರಿಗೆ ಇದು ನಿಜವಾಗಿ ನೆಮ್ಮದಿ ಕೊಡುತ್ತದೆ. ಅವರಿಗೆ ಬೇಡ ಎನ್ನಲಾರೆ.

ಹಲ್ಲು ಸವೆಯುತ್ತಿದೆ ಎಂಬ ಒಂದೇ ಕಾರಣಕ್ಕಾದರೆ ಬೇಡ ಅನ್ನುತ್ತೇನೆ. ಗಟ್ಟಿಯಾದದ್ದನ್ನು ಅಗಿಯುವಾಗ ದವಡೆ ಸೋಲುತ್ತದೆ. ಔಷಧ ಪಕ್ಕಕ್ಕೆ ಹರಡಿದರೆ ಕೆಲ ವಾರ ನಗು ಸೊಟ್ಟಗಾಗಬಹುದು. ಪದೇ ಪದೇ ಚುಚ್ಚಿಸಿದರೆ ಸ್ನಾಯು ಸೊರಗಿ ಕೆನ್ನೆ ಒಳಗೆ ಹೋಗಬಹುದು. ದವಡೆಯ ಮೂಳೆಯ ಮೇಲೂ ಪರಿಣಾಮ ಆಗಬಹುದೆಂಬ ಆತಂಕ ಸಂಶೋಧಕರಲ್ಲಿದೆ. ಬಸುರಿಯರಿಗೆ, ಹಾಲುಣಿಸುವವರಿಗೆ, ನರ-ಸ್ನಾಯುವಿನ ಕಾಯಿಲೆ ಇರುವವರಿಗೆ ಇದು ಸಲ್ಲದು. ಐದು ವರ್ಷದ ಲೆಕ್ಕದಲ್ಲಿ ಹೆಚ್ಚು ಖರ್ಚಿನ ದಾರಿಗಳಲ್ಲಿ ಇದೂ ಒಂದು.

ಮಾತ್ರೆ, ಮೆಗ್ನೀಸಿಯಂ, ಹಲ್ಲು ಅರೆಯುವುದು

ಸ್ನಾಯು ಸಡಿಲಿಸುವ, ನಿದ್ದೆ ಬರಿಸುವ ಕೆಲವು ಮಾತ್ರೆಗಳನ್ನು ತೀರಾ ಕಷ್ಟವಾದಾಗ ಕೆಲವು ದಿನಕ್ಕೆ ಕೊಡುವುದಿದೆ. ಮಂಪರು, ಚಟ ಎರಡರ ಭಯವೂ ಇರುವುದರಿಂದ ವರ್ಷಗಟ್ಟಲೆ ಇರುವ ತೊಂದರೆಗೆ ಅವು ಉತ್ತರ ಆಗಲಾರವು. ಮೆಗ್ನೀಸಿಯಂ ಕೊಳ್ಳಬೇಕೆನ್ನುವಷ್ಟು ಪುರಾವೆ ಇಲ್ಲ. ಹಲ್ಲಿನ ಸಾಲು ಹೊಂದಿಸಿದರೆ ನಿಲ್ಲುತ್ತದೆ ಎಂದು ಯಾರಾದರೂ ಹಲ್ಲು ಅರೆಯಲು ಹೊರಟರೆ ಕುರ್ಚಿಯಿಂದ ಎದ್ದು ಬನ್ನಿ, ಇನ್ನೊಬ್ಬರನ್ನು ಕೇಳಿ. ಅದಕ್ಕೆ ಆಧಾರವಿಲ್ಲ, ಅರೆದದ್ದು ವಾಪಸು ಬರುವುದೂ ಇಲ್ಲ.

ನಿಮ್ಮ ಸ್ಥಿತಿಗೆ ಯಾವುದು

ಗೊರಕೆ, ಹಗಲು ತೂಕಡಿಕೆ ಇದ್ದರೆ ಬಜೆಟ್ ಎಷ್ಟೇ ಇರಲಿ, ನಿದ್ದೆಯ ಪರೀಕ್ಷೆ ಮೊದಲು. ಕೈಯಲ್ಲಿ ಹಣ ಕಮ್ಮಿ, ನೋವು ಮಾತ್ರ ಇದೆ ಎಂದರೆ ಎರಡು ತಿಂಗಳು ಹಗಲಿನ ಅಭ್ಯಾಸ, ಬಿಸಿ ಶಾಖ, ನೀವುವುದನ್ನು ನಿಷ್ಠೆಯಿಂದ ಮಾಡಿ ನೋಡಿ. ಹಣ ಕಮ್ಮಿ ಇದ್ದು ಹಲ್ಲು ಮುರಿಯುತ್ತಿದೆ ಎಂದರೆ ಅಂಗಡಿಯ ಗಾರ್ಡ್ ಹಾಕಿಕೊಂಡು ಗಟ್ಟಿ ಗಾರ್ಡ್‌ಗೆ ದುಡ್ಡು ಕೂಡಿಡಿ. ನಡುವೆ ಮೆತ್ತಗಿನದಕ್ಕೆ ಖರ್ಚು ಮಾಡಬೇಡಿ. ನಾನು ಮಾಡಿದ್ದು ಅದೇ, ಎರಡು ಸಲ ಕೊಟ್ಟ ಹಾಗಾಯಿತು. ಸದ್ದು ಮಾತ್ರ ಕಾಟ ಎಂದರೆ ಮೆತ್ತಗಿನದು ಸಾಕು. ಎಲ್ಲ ಮಾಡಿಯೂ ನೋವು ಬಿಡದಿದ್ದರೆ ಮಾತ್ರ ಇಂಜೆಕ್ಷನ್ ಮಾತು.

ಮಕ್ಕಳ ವಿಷಯ ಪೂರ್ತಿ ಬೇರೆ. ಮಕ್ಕಳಲ್ಲಿ ಹಲ್ಲು ಕಡಿಯುವುದು ದೊಡ್ಡವರಿಗಿಂತ ಜಾಸ್ತಿ, ಹೆಚ್ಚಿನವರಲ್ಲಿ ಬೆಳೆದಂತೆ ತಾನಾಗಿ ಹೋಗುತ್ತದೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಿನಲ್ಲಿ ಗಾರ್ಡ್ ಹಾಕಿಸಿದರೆ ದವಡೆ ಬೆಳೆಯಲು ಅಡ್ಡಿ. ಹೊಟ್ಟೆಯಲ್ಲಿ ಹುಳು ಇದೆ ಎಂಬ ಮಾತು ಕೇಳಿ ಸುಮ್ನೆ ಔಷಧ ಕುಡಿಸಬೇಡಿ. ಮಗು ಬಾಯಿ ತೆರೆದು ಮಲಗುತ್ತದಾ, ಗೊರಕೆ ಹೊಡೆಯುತ್ತದಾ ನೋಡಿ. ಹೌದಾದರೆ ಗಂಟಲ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ಊದಿರಬಹುದು. ಮಕ್ಕಳ ವೈದ್ಯರಿಗೆ ತೋರಿಸಿ.

ಗಾರ್ಡ್ ತಗೊಂಡವರಿಗೆ ಒಂದು ಮಾತು. ಹಲ್ಲು ತೋರಿಸಲು ಹೋಗುವಾಗ ಪ್ರತಿ ಸಲ ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ನನ್ನದರ ಎಡ ಹಿಂಬದಿಯಲ್ಲಿ ಉಗುರಿನಷ್ಟು ಅಗಲದ ಜಾಗ ಗಾಜಿನ ಹಾಗೆ ಹೊಳೆಯುತ್ತದೆ. ಪ್ರತಿ ಸಲ ವೈದ್ಯೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಹೋದ ಸಲಕ್ಕಿಂತ ಅಗಲವಾಗಿದೆಯಾ, ಆಳವಾಗಿದೆಯಾ ಎಂದು ಬೆರಳಾಡಿಸುತ್ತಾರೆ. ನಾನು ಆ ಆರು ತಿಂಗಳು ಹೇಗೆ ಮಲಗಿದ್ದೆ ಎಂದು ನನ್ನನ್ನು ಕೇಳುವುದು ಅದಾದ ಮೇಲೆ.